ಊರಿನ ಪತ್ರಿಕೆಯೂ ಒಂದು ಹಸ್ತಪ್ರತಿ: ಮಂಗಳೂರಿನ ಪತ್ರಿಕಾ ಸಂಗ್ರಹಗಳ ಪರಾಮರ್ಶೆ

ಹಸ್ತಪ್ರತಿಗಳ ವ್ಯಾಸಂಗದಲ್ಲಿ ಪಳಗಿದ ವಿದ್ವಾಂಸರು ಮುದ್ರಿತ ಸಾಮಗ್ರಿಯ ವಿಷಯದಲ್ಲಿ ಸಾಮಾನ್ಯವಾಗಿ ನಿಶ್ಚಿಂತರಾಗಿರುತ್ತಾರೆ. ತಾಳೆಗರಿಯ ಗ್ರಂಥ ಒಂದೆರಡು ಪ್ರತಿಗಳಲ್ಲಿ ಮಾತ್ರ ಉಳಿದಿರುತ್ತದೆ, ಅವು ನಷ್ಟವಾದರೆ ಗ್ರಂಥವೇ ನಷ್ಟ. ಮುದ್ರಿತವಾದುದು ನೂರಾರು ಪ್ರತಿಗಳಲ್ಲಿ ಹರಡಿರುವುದರಿಂದ ಎಲ್ಲಿಯಾದರೂ ದೊರೆತೀತು ಎಂಬುದೇ ಈ ನಿಶ್ಚಿಂತೆಗೆ ಕಾರಣ. ಪುಸ್ತಕಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಸಣ್ಣ ಊರುಗಳ ಪತ್ರಿಕೆಗಳ ಮಟ್ಟಿಗೆ ನಿಜವಲ್ಲ. ಪತ್ರಿಕೆ ಓದಿದ ಮರುದಿನ ಅಂಗಡಿಯ ಪೊಟ್ಟಣದ ಕಾಗದವಾಗುತ್ತದೆ. ಅದನ್ನು ಕ್ರಮವಾಗಿ ಜೋಡಿಸಿ, ಹೊಲಿಸಿ, ಕಟ್ಟು ಹಾಕಿಸಿ ಇಡುವವರು ವಿರಳ. ನೂರಾರು ಪ್ರತಿ ಅಚ್ಚಾದ ಪತ್ರಿಕೆ ಐವತ್ತು ವರ್ಷ ಕಳೆಯುವಷ್ಟರಲ್ಲಿ ಒಂದೇ ಕಡತಕ್ಕೆ ಇಳಿದುಬಿಡುವುದು ಅಪರೂಪವಲ್ಲ. ಆಗ ಅದು ಹೆಸರಿಗೆ ಮುದ್ರಿತ, ಸ್ಥಿತಿಯಲ್ಲಿ ಏಕೈಕ ಪ್ರತಿ. ಅದನ್ನು ಪರೀಕ್ಷಿಸುವ ರೀತಿಯೂ ಹಸ್ತಪ್ರತಿಯದೇ ಆಗಿರಬೇಕು. ಮಂಗಳೂರಿನ ಪತ್ರಿಕೆಗಳ ಸಂಗ್ರಹಗಳನ್ನು ಅವಲೋಕಿಸಿದಾಗ ಈ ಅಗತ್ಯ ಸ್ಪಷ್ಟವಾಗುತ್ತದೆ.

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ನೆಯ ಇಸವಿ ಜುಲೈ 1ರಂದು ಹೊರಬಂತು. ಕರ್ನಾಟಕದಲ್ಲಿ ಪತ್ರಿಕಾ ದಿನವನ್ನು ಆಚರಿಸುವುದು ಇದೇ ದಿನದಂದು. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಇದರ ಸಂಪಾದಕರು. ಮಂಗಳೂರು ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ ಕೆನರಾ ಜಿಲ್ಲೆಯ ಒಂದು ಸಣ್ಣ ರೇವುಪಟ್ಟಣ. ಊರಿನ ವರ್ತಮಾನ, ಸರಕಾರದ ನಿರೂಪ, ಪರರಾಜ್ಯಗಳ ಸುದ್ದಿ, ಕಥೆ, ನೀತಿಯ ಮಾತುಗಳನ್ನೊಳಗೊಂಡ ನಾಲ್ಕು ಪುಟಗಳ ಈ ಪಾಕ್ಷಿಕ ಎಂಟು ತಿಂಗಳು ಮಂಗಳೂರಿನಲ್ಲಿ ನಡೆದು, 1844ರಲ್ಲಿ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರು ತಳೆಯಿತು. ಪತ್ರಿಕೋದ್ಯಮದ ಚರಿತ್ರೆಗಳೆಲ್ಲ ಇಷ್ಟನ್ನು ಹೇಳುತ್ತವೆ. ಆದರೆ ಹಸ್ತಪ್ರತಿ ಶಾಸ್ತ್ರಕ್ಕೆ ಅತ್ಯಂತ ಮುಖ್ಯವಾದ ಒಂದು ಸಂಗತಿಗೆ ಅವು ತಕ್ಕ ಬೆಲೆ ಕೊಟ್ಟಿಲ್ಲ. ಮಂಗಳೂರಿನಲ್ಲಿ ಪತ್ರಿಕೆ ಮುದ್ರಿತವಾದುದು ಕಲ್ಲಚ್ಚಿನಲ್ಲಿ.

ಕಲ್ಲಚ್ಚಿನಲ್ಲಿ ಅಚ್ಚುಮೊಳೆಗಳಿಲ್ಲ. ಲಿಪಿಕಾರನು ಜಿಡ್ಡಿನ ಮಸಿಯಿಂದ ಬರೆದ ಪುಟ ಕಲ್ಲಿನ ಮೇಲೆ ಮೂಡುತ್ತದೆ. ನೀರು ಸವರಿದ ಕಲ್ಲು ಅಕ್ಷರಗಳಿದ್ದಲ್ಲಿ ಮಾತ್ರ ಮಸಿಯನ್ನು ಹಿಡಿದು, ಅದನ್ನು ಕಾಗದಕ್ಕೆ ಕೊಡುತ್ತದೆ. ಎಂದರೆ ಮುದ್ರಿತ ಹಾಳೆಯಲ್ಲಿ ಕಾಣುವುದು ಒಬ್ಬ ಲಿಪಿಕಾರನ ಕೈಬರಹವೇ. ಅಕ್ಷರಗಳ ಓರೆ, ಒತ್ತಕ್ಷರಗಳ ಇಂಬು, ಸಾಲು ಮುಗಿಯುವಾಗ ಪದವನ್ನು ಒಡೆಯುವ ಬಗೆ, ವಿರಾಮಚಿಹ್ನೆಗಳ ಬಳಕೆ ಇವೆಲ್ಲ ಬರೆದವನವು. ತಾಳೆಗರಿಯ ಕನ್ನಡ ಬರಹವು ಅಚ್ಚಿನ ಕನ್ನಡವಾಗಿ ಮಾರ್ಪಡುತ್ತಿದ್ದ ಸಂಧಿಕಾಲದ ಲಿಪಿಯನ್ನು ತಿಂಗಳು, ದಿನಾಂಕಗಳ ಸಹಿತ ತೋರಿಸುವ ಇಂಥ ಸಾಕ್ಷ್ಯ ಬೇರೆ ಸುಲಭವಾಗಿ ಸಿಗದು. ಹಸ್ತಪ್ರತಿಯ ಕಾಲವನ್ನು ಲಿಪಿಯಿಂದ ಊಹಿಸಬೇಕಾದ ಕಷ್ಟ ಇಲ್ಲಿಲ್ಲ. ಕಾಲವನ್ನು ಹಾಳೆಯೇ ಹೇಳುತ್ತದೆ. 1848ರಿಂದ ಮೋಗ್ಲಿಂಗರು ಪ್ರಕಟಿಸಿದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯ ಪ್ರಾಚೀನ ಕಾವ್ಯಗಳೂ ಕಲ್ಲಚ್ಚಿನವೇ. ಆ ಕಾವ್ಯಪ್ರತಿಗಳಿಗೆ ಸಂದ ಗೌರವ ಪತ್ರಿಕೆಗೆ ಸಲ್ಲದಿರಲು ಕಾರಣವಿಲ್ಲ. ಎಂಟು ತಿಂಗಳ ಪಾಕ್ಷಿಕವೆಂದರೆ ಹದಿನಾರರಷ್ಟು ಸಂಚಿಕೆಗಳು. ಒಂದು ಸಾಧಾರಣ ಓಲೆಕಟ್ಟಿಗಿಂತ ಚಿಕ್ಕದಾದ ಈ ರಾಶಿಯನ್ನು ಹಾಳೆಹಾಳೆಯಾಗಿ ವರ್ಣಿಸುವುದು ಅಸಾಧ್ಯವಾದ ಕೆಲಸವೇನಲ್ಲ.

ಉಲ್ಲೇಖಗಳ ವಿಷಯದಲ್ಲಿ ಆಗುತ್ತಿರುವ ಪ್ರಮಾದವೂ ಇಲ್ಲಿಯೇ ಗಮನಾರ್ಹ. ಇಂದಿನ ಬರಹಗಳಲ್ಲಿ ಪತ್ರಿಕೆಯ ಹೆಸರು 'ಮಂಗಳೂರ ಸಮಾಚಾರ' ಎಂದೂ 'ಮಂಗಳೂರು ಸಮಾಚಾರ' ಎಂದೂ ಎರಡು ಬಗೆಯಾಗಿ ಕಾಣುತ್ತದೆ. ಒಂದು ಅಕ್ಷರದ ಭೇದ ಅಲ್ಪವೆನಿಸಬಹುದು. ಆದರೆ ಶಿರೋನಾಮದಲ್ಲಿಯೇ ಪಾಠಾಂತರ ಹುಟ್ಟಿದೆಯೆಂದರೆ ಬರೆದವರಲ್ಲಿ ಅನೇಕರು ಹಾಳೆಯನ್ನು ನೋಡದೆ, ಹಿಂದಿನವರ ಬರಹವನ್ನು ನೋಡಿ ಬರೆದಿದ್ದಾರೆಂದೇ ಅರ್ಥ. ಧವಲಾ ಗ್ರಂಥದ ಪ್ರಕಟಣೆಯ ಇತಿಹಾಸವನ್ನು ಬಲ್ಲ ಪಂಡಿತರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. 1939ರಲ್ಲಿ ಆರಂಭವಾಗಿ 1959ರ ಹೊತ್ತಿಗೆ ಹದಿನಾರು ಸಂಪುಟಗಳಲ್ಲಿ ಮುಗಿದ ಆ ಮಹತ್ಕಾರ್ಯದ ಮೊದಲ ಸಂಪುಟಗಳು ಪ್ರತಿಯ ಪ್ರತಿಗಳನ್ನು ಆಶ್ರಯಿಸಬೇಕಾಯಿತು. ಮೂಡುಬಿದಿರೆಯ ತಾಳೆಗರಿಗಳೊಡನೆ ಪಾಠವನ್ನು ತಾಳೆ ನೋಡುವ ಅವಕಾಶ ಅನಂತರ ದೊರೆಯಿತು. ಮೂಲ ಉಳಿದಿದ್ದುದರಿಂದ ತಿದ್ದುಪಡಿ ಸಾಧ್ಯವಾಯಿತು. ಪತ್ರಿಕೆಯ ಏಕೈಕ ಕಡತ ಪುಡಿಯಾದ ಮೇಲೆ ತಪ್ಪನ್ನು ತಿದ್ದಲು ಯಾವ ಮೂಲವೂ ಇರುವುದಿಲ್ಲ.

ಈಗ ಸಂಗ್ರಹಗಳ ವಿಚಾರ. ಮಂಗಳೂರಿನ ಚರಿತ್ರೆಯ ಸಾಮಗ್ರಿ ಒಂದೆಡೆ ಇಲ್ಲ. ಮಿಶನ್ನಿನ ಪತ್ರವ್ಯವಹಾರ, ವರದಿ, ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ. ಮಿಶನ್ ಮುದ್ರಣಾಲಯದ ಕೃತಿಗಳ ಒಂದು ಸಂಗ್ರಹ ಮಂಗಳೂರಿನ ಬಲ್ಮಠದಲ್ಲಿ, ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಭಂಡಾರದಲ್ಲಿದೆ. ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ಕಲೆಕ್ಟರರ ಕಡತಗಳನ್ನು ಚೆನ್ನೈನ ಎಗ್ಮೋರಿನಲ್ಲಿರುವ ದಾಖಲೆ ಭಂಡಾರದಲ್ಲಿ ನೋಡಬೇಕು. ಈ ಮೂರೂ ಸಂಗ್ರಹಗಳ ಉಪಕಾರ ದೊಡ್ಡದು. ಅವು ಇಲ್ಲದಿದ್ದರೆ ಹತ್ತೊಂಬತ್ತನೆಯ ಶತಮಾನದ ಮಂಗಳೂರನ್ನು ಕುರಿತು ಬರೆಯುವುದೇ ಅಸಾಧ್ಯವಾಗುತ್ತಿತ್ತು. ಆದರೆ ಅವುಗಳಲ್ಲಿ ಊರನ್ನು ನೋಡುವ ಕಣ್ಣು ಮಿಶನರಿಯದು ಅಥವಾ ಅಧಿಕಾರಿಯದು. ಊರಿನವರು ತಮ್ಮ ಊರನ್ನು ತಾವೇ ಕಂಡ ಬಗೆ ಮುಂದಿನ ಶತಮಾನದ ಪತ್ರಿಕೆಗಳಲ್ಲಿದೆ: 1907ರಲ್ಲಿ ಆರಂಭವಾದ 'ಸ್ವದೇಶಾಭಿಮಾನಿ', ಕಡೆಂಗೋಡ್ಲು ಶಂಕರಭಟ್ಟರು ಸಂಪಾದಿಸಿದ 'ರಾಷ್ಟ್ರಬಂಧು', 1912ರ 'ಕೊಂಕಣಿ ದಿರ್ವೆಂ', 1938ರ 'ರಾಕ್ಣೊ' ಮೊದಲಾದವು. ಅಕ್ಕಿಯ ಧಾರಣೆ, ಹಡಗುಗಳ ಬರವು, ಶಾಲೆಯ ವಾರ್ಷಿಕೋತ್ಸವ, ನಿಧನವಾರ್ತೆ, ಕಾರ್ಕಳ ವೇಣೂರುಗಳ ಮಸ್ತಕಾಭಿಷೇಕದ ಪ್ರಕಟಣೆ ಇಂಥವನ್ನು ಹುಡುಕಬೇಕಾದುದು ಇಂಥ ಪತ್ರಿಕೆಗಳಲ್ಲಿಯೇ ಹೊರತು ಕಲೆಕ್ಟರರ ಕಡತದಲ್ಲಲ್ಲ.

ವಿಪರ್ಯಾಸವೆಂದರೆ, ಹಳೆಯದಕ್ಕಿಂತ ಹೊಸದೇ ಬೇಗ ಅಳಿಯುತ್ತಿದೆ. ಮರದ ತಿರುಳನ್ನು ಅರೆದು ಕಾಗದ ಮಾಡುವ ವಿಧಾನ ಯುರೋಪಿನಲ್ಲಿ ಕಂಡುಬಂದುದು 1844ರ ಸುಮಾರಿಗೆ. ಅದಕ್ಕೆ ಮುಂಚಿನ ಕಾಗದ ಚಿಂದಿಬಟ್ಟೆಯ ನಾರಿನದು, ಬಾಳಿಕೆಯುಳ್ಳದ್ದು. ಇಪ್ಪತ್ತನೆಯ ಶತಮಾನದ ಪತ್ರಿಕಾ ಕಾಗದದಲ್ಲಿ ಮರದ ಅಂಶವೂ ಆಮ್ಲವೂ ಸೇರಿರುತ್ತವೆ. ಬೆಳಕಿಗೆ ಅದು ಕಂದಾಗುತ್ತದೆ, ಮಡಿಕೆಯಲ್ಲಿ ಮುರಿಯುತ್ತದೆ. ಕರಾವಳಿಯ ತೇವ, ಬೂಷ್ಟು, ಗೆದ್ದಲುಗಳು ಉಳಿದುದನ್ನು ಮುಗಿಸುತ್ತವೆ. ಹೀಗಾಗಿ 1843ರ ಹಾಳೆಗಿಂತ 1930ರ ಹಾಳೆ ದುರ್ಬಲ. ಸಂಗ್ರಹಾಲಯಗಳು ಪ್ರಾಚೀನತೆಯನ್ನು ನೋಡಿ ಆದ್ಯತೆ ಕೊಡುತ್ತವೆ. ಕೊಡಬೇಕಾದುದು ಅಪಾಯವನ್ನು ನೋಡಿ.

ಸರಕಾರದ ವ್ಯವಸ್ಥೆಯಿಂದಲೂ ಈ ಕೊರತೆ ತುಂಬಿಲ್ಲ. ಪ್ರಕಾಶಕರು ರಾಷ್ಟ್ರೀಯ ಗ್ರಂಥಾಲಯಗಳಿಗೆ ಪ್ರತಿ ಸಲ್ಲಿಸಬೇಕೆಂಬ 1954ರ ಕಾಯಿದೆ ಪತ್ರಿಕೆಗಳಿಗೆ ಅನ್ವಯಿಸಿದುದು 1956ರಲ್ಲಿ. ಅದಕ್ಕೂ ಮುಂಚಿನ ಅರ್ಧ ಶತಮಾನದ ಪತ್ರಿಕೆಗಳು ಆಕಸ್ಮಿಕವಾಗಿ ಉಳಿದರೆ ಉಳಿದವು. ಮದ್ರಾಸ್ ಸರಕಾರ ದೇಶಭಾಷಾ ಪತ್ರಿಕೆಗಳ ಸಾರವನ್ನು ಇಂಗ್ಲಿಷಿನಲ್ಲಿ ಬರೆಯಿಸಿ ಗೋಪ್ಯ ವರದಿಗಳಾಗಿ ಮುದ್ರಿಸುತ್ತಿತ್ತು. ಅವುಗಳಲ್ಲಿ ಕನ್ನಡ ಪತ್ರಿಕೆಗಳೂ ಇವೆ. ಸಂಶೋಧಕರು ಈ ವರದಿಗಳನ್ನು ಧಾರಾಳವಾಗಿ ಬಳಸುತ್ತಾರೆ. ಆದರೆ ಮೂಲಗ್ರಂಥ ಲುಪ್ತವಾಗಿ ಟಿಪ್ಪಣ ಮಾತ್ರ ಉಳಿದಾಗ, ಟಿಪ್ಪಣಕಾರನ ಉದ್ದೇಶವನ್ನು ಅರಿತು ಓದಬೇಕೆಂಬುದು ಪಂಡಿತರ ನಿಯಮ. ಇಲ್ಲಿಯ ಟಿಪ್ಪಣಕಾರ ಸರಕಾರದ ಅನುವಾದಕ. ಅವನಿಗೆ ಬೇಕಾದುದು ರಾಜದ್ರೋಹದ ಸುಳಿವು, ಊರಿನ ಜೀವನವಲ್ಲ. ಅವನು ಬಿಟ್ಟುದು ಇಲ್ಲವೇ ಇರಲಿಲ್ಲವೆಂದು ಭಾವಿಸುವ ಚರಿತ್ರೆ ಏಕಪಕ್ಷೀಯವಾಗುತ್ತದೆ.

ಸೂಚೀಪತ್ರಗಳ ಕಡೆಗೆ ತಿರುಗಿದರೆ ಇನ್ನೂ ಮೂಲಭೂತವಾದ ಆಕ್ಷೇಪಣೆ ಇದೆ. ತಾಳೆಗರಿಯ ಸೂಚಿಯಲ್ಲಿ ಪತ್ರಸಂಖ್ಯೆ, ಸಾಲು, ಲಿಪಿ, ಭಾಷೆ, ಪೂರ್ಣವೋ ಅಪೂರ್ಣವೋ, ಜೀರ್ಣವೋ ಎಂಬ ವಿವರಗಳು ಇರುವುದು ರೂಢಿ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' 1948ರಲ್ಲಿಯೇ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಗಿ, ಮೂಡುಬಿದಿರೆಯ ಸುತ್ತಲಿನ ಭಂಡಾರಗಳಲ್ಲಿ ಏನಿದೆಯೆಂಬುದನ್ನು ದೂರದ ವಿದ್ವಾಂಸರಿಗೂ ತಿಳಿಸಿತು. ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರದ ಮಂಗಳೂರಿನ ಪತ್ರಿಕೆಗಳಿಗೆ ಅಂಥ ಸೂಚಿಯೊಂದು ಬೇಕು. ಪತ್ರಿಕೆಯ ಹೆಸರು, ಆರಂಭ ಮತ್ತು ಅಂತ್ಯದ ವರ್ಷಗಳನ್ನು ಕೊಟ್ಟು ನಿಲ್ಲುವ ಪಟ್ಟಿ ಸೂಚಿಯಲ್ಲ. ಇಂಥ ವರ್ಷಗಳ ನಡುವೆ ಎಷ್ಟು ಸಂಚಿಕೆಗಳು ಲುಪ್ತ, ಯಾವ ಹಾಳೆ ಹರಿದಿದೆ, ಪುರವಣಿ ಸೇರಿದೆಯೋ ಇಲ್ಲವೋ ಎಂಬುದನ್ನು ಹೇಳದ ಪಟ್ಟಿ ಓದುಗನಿಗೆ ಭರವಸೆ ಕೊಟ್ಟು ಬರಿಗೈಯಲ್ಲಿ ಕಳುಹಿಸುತ್ತದೆ. ಹೆಸರನ್ನಷ್ಟೇ ಅನುಸರಿಸಿದರೆ 'ಮಂಗಳೂರ ಸಮಾಚಾರ' ಮತ್ತು 'ಕನ್ನಡ ಸಮಾಚಾರ' ಎರಡು ಕೃತಿಗಳಾಗಿ ಬೇರೆಬೇರೆ ಕಪಾಟು ಸೇರುತ್ತವೆ. ಭಾಷೆ ಮತ್ತು ಲಿಪಿಗಳನ್ನು ಪ್ರತ್ಯೇಕವಾಗಿ ನಮೂದಿಸದಿದ್ದರೆ ಕನ್ನಡ ಲಿಪಿಯ ಕೊಂಕಣಿ ಪತ್ರಿಕೆ ಕನ್ನಡ ಪತ್ರಿಕೆಗಳ ನಡುವೆ ಮರೆಯಾಗುತ್ತದೆ. ಪ್ರಾಕೃತ ಸಿದ್ಧಾಂತವನ್ನು ಕನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಕಾಪಾಡಿದ ನಾಡಿನಲ್ಲಿ ಈ ವಿವೇಕ ಹೊಸದಾಗಿ ಕಲಿಯಬೇಕಾದುದಲ್ಲ.

ಇತ್ತೀಚಿನ ದಶಕಗಳಲ್ಲಿ ಗಣಕೀಕರಣದಿಂದ ದೊಡ್ಡ ಸಹಾಯವಾಗಿದೆ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಅಂತರ್ಜಾಲ ಸಂಗ್ರಹ, ಮಿಶನ್ ಮುದ್ರಣಾಲಯಗಳ ಹಳೆಯ ಕೃತಿಗಳನ್ನು ಎಲ್ಲಿಂದಲಾದರೂ ಓದುವಂತೆ ಮಾಡಿದೆ. ಇದು ಅಭಿನಂದನೀಯ. ಆದರೂ ಪ್ರತಿಬಿಂಬ ಪಠ್ಯವನ್ನು ಕೊಡುತ್ತದೆಯೇ ಹೊರತು ವಸ್ತುವನ್ನಲ್ಲ. ಕಾಗದದ ನಾರು, ಕಲ್ಲಚ್ಚಿನ ಮಸಿ, ಹೊಲಿಗೆಯ ತೂತು, ಹಾಳೆ ಬದಲಾಗಿ ಸೇರಿದ ಗುರುತು ಇವುಗಳನ್ನು ಮೂಲದಲ್ಲಿಯೇ ನೋಡಬೇಕು. ಪ್ರತಿಬಿಂಬ ತೆಗೆದಾಯಿತೆಂದು ಮೂಲವನ್ನು ಅಲಕ್ಷಿಸುವುದು, ನಕಲು ಮಾಡಿಸಿದ ಮೇಲೆ ಓಲೆಗಳನ್ನು ಹೊಳೆಗೆ ಬಿಟ್ಟ ಹಳೆಯ ಪದ್ಧತಿಗಿಂತ ಹೆಚ್ಚಿನದಾಗದು.

ಎಂ. ಗಣಪತಿರಾವ್ ಐಗಳರು 1923ರಲ್ಲಿ 'ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ'ವನ್ನು ಪ್ರಕಟಿಸಿ ಜಿಲ್ಲೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ದಾರಿ ತೋರಿದರು. ಅವರ ಕಾಲದ ನಿತ್ಯಜೀವನವೇ ಇಂದು ಚರಿತ್ರೆಯಾಗಿದೆ. ಅದರ ಆಧಾರ ಆಗಿನ ವಾರಪತ್ರಿಕೆಗಳು. ಅವು ಇನ್ನೂ ಕೆಲವೆಡೆ ಹಳೆಯ ಮನೆಗಳ ಅಟ್ಟದಲ್ಲಿ, ಮಠಮಂದಿರಗಳ ಪೆಟ್ಟಿಗೆಗಳಲ್ಲಿ, ವಾಚನಾಲಯಗಳ ಮೂಲೆಯಲ್ಲಿ ಇರುವ ಸಂಭವವುಂಟು. ತಾಳೆಗರಿಗಳನ್ನು ಅರಸುತ್ತ ಅದೇ ಅಟ್ಟಗಳನ್ನು ಹತ್ತುವ ವಿದ್ವಾಂಸರು ಓಲೆಕಟ್ಟನ್ನು ಇಳಿಸಿ, ಪಕ್ಕದ ಕಾಗದದ ಕಟ್ಟನ್ನು ಅಲ್ಲಿಯೇ ಬಿಟ್ಟುಬರುವುದು ಇನ್ನಾದರೂ ನಿಲ್ಲಬೇಕು. ಅದರ ಮೊದಲ ಹಾಳೆಯ ದಿನಾಂಕ, ಕೊನೆಯ ಹಾಳೆಯ ದಿನಾಂಕ, ನಡುವಿನ ಲೋಪ ಇಷ್ಟನ್ನು ಬರೆದುಕೊಂಡರೂ ಮುಂದಿನ ಸೂಚಿಗೆ ಅಡಿಗಲ್ಲು ಇಟ್ಟಂತಾಗುತ್ತದೆ.