ಕೋಟಿ ಮೈಲು ಕೂಡಿಟ್ಟವನ ಕಥೆ

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಈಗ ಕ್ರಿಕೆಟ್ಟಿಗಿಂತ ಹೆಚ್ಚು ಮಾತು ನಡೆಯೋದು ಕ್ರೆಡಿಟ್ ಕಾರ್ಡುಗಳ ಬಗ್ಗೆ. ಯಾವ ಕಾರ್ಡಿನಲ್ಲಿ ನೂರು ರೂಪಾಯಿಗೆ ಎಷ್ಟು ಪಾಯಿಂಟು, ಯಾವ ಏರ್‌ಲೈನ್ಸಿಗೆ ವರ್ಗಾಯಿಸಿದರೆ ಪಾಯಿಂಟಿಗೆ ಒಂದು ರೂಪಾಯಿ ಮೇಲೆ ಗಿಟ್ಟುತ್ತೆ, ಯಾವ ಲೌಂಜಿನಲ್ಲಿ ದೋಸೆ ಚೆನ್ನಾಗಿದೆ. ಯಾರಾದರೂ ಲೋಹದ ಕಾರ್ಡೊಂದನ್ನು ಟೇಬಲ್ ಮೇಲೆ ಟಣ್ ಅಂತ ಇಟ್ಟರೆ ಮಿಕ್ಕವರು ಒಂದು ಕ್ಷಣ ಸುಮ್ಮನಾಗ್ತಾರೆ. ನಾನೇನೂ ದೂರ ನಿಂತು ಮಾತಾಡ್ತಿಲ್ಲ. ನಾನೂ ಆ ಟೇಬಲ್ಲಿನವನೇ, ನನ್ನ ಹತ್ತಿರವೂ ಎಕ್ಸೆಲ್ ಶೀಟ್ ಇದೆ.

ಕಳೆದ ತಿಂಗಳು ‘ಅಪ್ ಇನ್ ದಿ ಏರ್’ ಅನ್ನೋ ಇಂಗ್ಲಿಷ್ ಚಿತ್ರವನ್ನು ಎರಡನೇ ಸಲ ನೋಡಿದೆ. ಜೇಸನ್ ರೈಟ್‌ಮನ್ ನಿರ್ದೇಶನದ 2009ರ ಚಿತ್ರ. ವಾಲ್ಟರ್ ಕರ್ನ್ 2001ರಲ್ಲಿ ಬರೆದ ಕಾದಂಬರಿ ಇದಕ್ಕೆ ಮೂಲ. ಮೊದಲ ಸಲ ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಗೆಳೆಯನ ಲ್ಯಾಪ್‌ಟಾಪಿನಲ್ಲಿ. ಆಗ ಇದೊಂದು ಸೋತ ಪ್ರೇಮಕಥೆ ಅಂದುಕೊಂಡಿದ್ದೆ. ಈ ಸಲ ಗೊತ್ತಾಯ್ತು, ಇದು ನಮ್ಮ ಊಟದ ಟೇಬಲ್ಲಿನ ಕಥೆ.

ಜಾರ್ಜ್ ಕ್ಲೂನಿ ಮಾಡಿರೋ ರಯನ್ ಬಿಂಗಮ್ ಪಾತ್ರದ ಕೆಲಸ ವಿಚಿತ್ರವಾದದ್ದು. ಬೇರೆ ಕಂಪನಿಗಳು ತಮ್ಮ ನೌಕರರನ್ನು ಕೆಲಸದಿಂದ ತೆಗೆಯೋಕೆ ಧೈರ್ಯ ಸಾಲದೆ ಇವನನ್ನು ಕರೆಸ್ತವೆ. ಇವನು ವಿಮಾನದಲ್ಲಿ ಹೋಗಿ, ಎದುರು ಕೂರಿಸಿಕೊಂಡು, ನಯವಾಗಿ ‘ನಾಳೆಯಿಂದ ಬರಬೇಡಿ’ ಅನ್ನೋದನ್ನ ಹೇಳಿ ಬರ್ತಾನೆ. ವರ್ಷಕ್ಕೆ 322 ದಿನ ಊರೂರು ಸುತ್ತೋನಿಗೆ ಮನೆಯಲ್ಲಿ ಕಳೆಯೋ ಮಿಕ್ಕ 43 ದಿನವೇ ಶಿಕ್ಷೆ. ಅವನಿಗಿರೋದು ಒಂದೇ ಗುರಿ: ಅಮೆರಿಕನ್ ಏರ್‌ಲೈನ್ಸಿನಲ್ಲಿ 1 ಕೋಟಿ ಮೈಲು ಕೂಡಿಸೋದು. ಅದನ್ನು ಮಾಡಿದ ಏಳನೆಯವನು ತಾನಾಗ್ತೀನಿ, ಚಂದ್ರನ ಮೇಲೆ ನಡೆದವರೇ ಇದಕ್ಕಿಂತ ಹೆಚ್ಚು ಜನ ಇದ್ದಾರೆ ಅಂತ ಹೆಮ್ಮೆ ಅವನಿಗೆ. ಮೈಲು ಹುಟ್ಟದ ಕಡೆ ಒಂದು ಬಿಡಿಗಾಸೂ ಖರ್ಚು ಮಾಡಲ್ಲ.

ಅವನೂ ಅಲೆಕ್ಸ್ ಅನ್ನೋ ಹೆಣ್ಣುಮಗಳೂ ಹೋಟೆಲಿನ ಬಾರಿನಲ್ಲಿ ಮೊದಲ ಸಲ ಭೇಟಿಯಾಗೋ ದೃಶ್ಯವನ್ನೇ ನೋಡಿ. ಇಬ್ಬರೂ ಪರ್ಸಿನಿಂದ ಒಂದೊಂದೇ ಕಾರ್ಡು ತೆಗೆದು ಟೇಬಲ್ ಮೇಲೆ ಹರಡ್ತಾರೆ. ಇಸ್ಪೀಟಾಟದಲ್ಲಿ ಎಲೆ ಇಳಿಸಿದ ಹಾಗೆ. ಕಾರ್ಡಿನ ತೂಕ, ಬಣ್ಣ, ದರ್ಜೆ ಇವೇ ಅಲ್ಲಿ ಶೃಂಗಾರ. ನಗು ಬಂತು, ಆಮೇಲೆ ನಮ್ಮ ಟೇಬಲ್ಲಿನ ಆ ‘ಟಣ್’ ನೆನಪಾಗಿ ನಗು ನಿಂತಿತು.

ಅವನ ಜೊತೆ ಕೆಲಸ ಕಲಿಯೋಕೆ ಬಂದ ನಟಾಲಿ ಅನ್ನೋ ಹುಡುಗಿ ಒಂದು ಕಡೆ ಕೇಳ್ತಾಳೆ: ಇಷ್ಟೆಲ್ಲ ಮೈಲು ಯಾತಕ್ಕೆ ಕೂಡಿಡ್ತಿದ್ದೀಯ? ಹವಾಯಿಗಾ, ಫ್ರಾನ್ಸಿಗಾ? ಯಾವುದಕ್ಕೂ ಅಲ್ಲ, ಮೈಲೇ ಗುರಿ ಅನ್ನೋ ಅರ್ಥದ ಉತ್ತರ ಅವನದು. ಚಿತ್ರ ಇಲ್ಲಿ ಕೈ ಇಟ್ಟಿರೋದು ಸರಿಯಾದ ಜಾಗಕ್ಕೆ. ಪಾಯಿಂಟಿನಿಂದ ಗರಿಷ್ಠ ಲಾಭ ಹೇಗೆ ಅಂತ ನಾವು ಕೇಳ್ತೀವಿ. ಯಾತಕ್ಕೆ ಅಂತ ಕೇಳೋದನ್ನ ಮರೀತೀವಿ. ಆ ಎರಡನೇ ಪ್ರಶ್ನೆಗೆ ಉತ್ತರ ಇಲ್ಲದೆ ಮೊದಲನೆಯದರ ಲೆಕ್ಕ ಹಾಕೋಕೇ ಆಗಲ್ಲ ಅನ್ನೋದು ನನ್ನ ವಾದ.

ಲೆಕ್ಕವನ್ನೇ ನೋಡೋಣ. ಪಾಯಿಂಟಿನ ಬೆಲೆ ಕಂಡುಹಿಡಿಯೋ ಸೂತ್ರ ಎಲ್ಲರಿಗೂ ಗೊತ್ತು: ಟಿಕೆಟ್ಟಿನ ದುಡ್ಡಿನಲ್ಲಿ ನಾವು ಹೇಗಿದ್ದರೂ ಕೈಯಿಂದ ಕಟ್ಟೋ ತೆರಿಗೆ ಕಳೆದು, ಉಳಿದದ್ದನ್ನು ಪಾಯಿಂಟಿನಿಂದ ಭಾಗಿಸೋದು. ಬಿಸಿನೆಸ್ ಕ್ಲಾಸ್ ಟಿಕೆಟ್ ₹2,50,000 ಇದೆ ಅನ್ನಿ. ನಾನು 1,00,000 ಪಾಯಿಂಟೂ ₹20,000 ತೆರಿಗೆಯೂ ಕೊಟ್ಟು ತಗೊಂಡೆ. ಪಾಯಿಂಟಿಗೆ ₹2.30 ಬಂತು, ಭರ್ಜರಿ! ಆದರೆ ನಿಜ ಹೇಳಿ, ಪಾಯಿಂಟ್ ಇಲ್ಲದಿದ್ದರೆ ನಾನು ಎರಡೂವರೆ ಲಕ್ಷ ಕೊಟ್ಟು ಹೋಗ್ತಿದ್ದೆನಾ? ₹55,000ದ ಎಕಾನಮಿ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಹೋಗ್ತಿದ್ದೆ. ಅಂದರೆ ನನಗೆ ಉಳಿದದ್ದು ₹35,000, ಪಾಯಿಂಟಿಗೆ 35 ಪೈಸೆ. ಮಿಕ್ಕಿದ್ದು ಸುಖ. ಸುಖ ಬೇಡ ಅಂತ ನಾನು ಹೇಳ್ತಿಲ್ಲ, ಮಲಗಿಕೊಂಡು ಹೋಗೋದು ಯಾರಿಗೆ ಬೇಡ? ಸುಖವನ್ನ ಉಳಿತಾಯ ಅಂತ ಶೀಟಿನಲ್ಲಿ ಬರೆದುಕೊಳ್ಳೋದು ಮಾತ್ರ ಸುಳ್ಳು ಲೆಕ್ಕ.

ಚಿತ್ರಕ್ಕೆ ವಾಪಸ್ ಬರ್ತೀನಿ. ರಯನ್‌ಗೆ ಕೊನೆಗೂ ಕೋಟಿ ಮೈಲು ತುಂಬುತ್ತೆ. ವಿಮಾನದಲ್ಲೇ ಘೋಷಣೆ ಆಗುತ್ತೆ, ಹಿರಿಯ ಪೈಲಟ್ಟೇ ಬಂದು ಪಕ್ಕದಲ್ಲಿ ಕೂತು ಯಾವ ಊರು ನಿಮ್ಮದು ಅಂತ ವಿಚಾರಿಸ್ತಾನೆ. ಈ ಕ್ಷಣಕ್ಕೆ ಏನು ಮಾತಾಡಬೇಕು ಅಂತ ಎಷ್ಟೋ ಸಲ ಯೋಚಿಸಿಟ್ಟುಕೊಂಡಿದ್ದವನಿಗೆ ಏನೂ ನೆನಪಾಗಲ್ಲ. ಊರು ಯಾವುದು ಅಂದರೆ ಇದೇ, ಈ ಆಕಾಶವೇ ಅನ್ನೋ ಹಾಗೆ ಹೇಳಿ ಸುಮ್ಮನಾಗ್ತಾನೆ. ಬೇರೆ ನಿರ್ದೇಶಕನಾಗಿದ್ದರೆ ಇಲ್ಲಿ ವಯೊಲಿನ್ ಬಾರಿಸಿ ಅಳಿಸ್ತಿದ್ದ. ರೈಟ್‌ಮನ್ ಹಾಗೆ ಮಾಡಲ್ಲ. ಮುಂದೆ ಒಂದು ಚಿಕ್ಕ ದೃಶ್ಯ ಇಡ್ತಾನೆ. ರಯನ್ ಏರ್‌ಲೈನ್ಸಿಗೆ ಫೋನ್ ಮಾಡಿ, ತಂಗಿ ಜೂಲಿಗೂ ಅವಳ ಗಂಡನಿಗೂ ತಲಾ 5 ಲಕ್ಷ ಮೈಲು ವರ್ಗಾಯಿಸೋಕೆ ಕೇಳ್ತಾನೆ, ಪ್ರಪಂಚ ಸುತ್ತಿ ಬರಲಿ ಅಂತ. ಆ ಜೋಡಿಗೆ ಹನಿಮೂನಿಗೆ ಹೋಗೋಷ್ಟು ದುಡ್ಡಿರಲಿಲ್ಲ. ತಮ್ಮ ಫೋಟೋವನ್ನು ರಟ್ಟಿಗೆ ಅಂಟಿಸಿ, ಹೋದೋರ ಕೈಯಲ್ಲೆಲ್ಲ ಕೊಟ್ಟು, ಬೇರೆ ಬೇರೆ ಊರಿನ ಮುಂದೆ ಹಿಡಿದು ಚಿತ್ರ ತೆಗೆಸಿಕೊಂಡಿದ್ದರು. ಚಿತ್ರದುದ್ದಕ್ಕೂ ಬರೀ ಅಂಕಿಯಾಗಿದ್ದ ಮೈಲಿಗೆ ಬೆಲೆ ಬರೋದು ಈ ಒಂದು ಫೋನಿನಲ್ಲಿ.

ಇಷ್ಟೆಲ್ಲ ಮೆಚ್ಚಿಕೊಂಡರೂ ಚಿತ್ರದ ಮೇಲೆ ನನಗೊಂದು ತಕರಾರಿದೆ. ಈ ಮೈಲುಗಳ ದುಡ್ಡು ಎಲ್ಲಿಂದ ಬಂತು ಅಂತ ಅದು ಕೇಳೋದೇ ಇಲ್ಲ. ಅರ್ಧ ಉತ್ತರ ಕಣ್ಣೆದುರಿಗೇ ಇದೆ. ಒಬ್ಬೊಬ್ಬರ ಕೆಲಸ ತೆಗೆದಾಗಲೂ ಇವನ ಖಾತೆಗೆ ಮೈಲು ಬೀಳುತ್ತೆ. ಕೆಲಸ ಕಳ್ಕೊಂಡೋರ ಪಾತ್ರಗಳಲ್ಲಿ ಬಹಳಷ್ಟನ್ನ ನಿಜವಾಗಿ ಆಗಷ್ಟೇ ಕೆಲಸ ಕಳ್ಕೊಂಡಿದ್ದ ಜನರೇ ಮಾಡಿದ್ದಾರೆ. ಅವರ ಮುಖಗಳನ್ನ ಬೆಂಗಳೂರಿನ ನಾವು ಈಗ ಸುಮ್ಮನೆ ನೋಡಿ ದಾಟೋಕೆ ಆಗಲ್ಲ, ಅಂಥ ಹದಿನೈದು ನಿಮಿಷದ ವಿಡಿಯೋ ಕಾಲ್ ನಮ್ಮ ಪಕ್ಕದ ಸೀಟಿನವನಿಗೇ ಬಂದಿರುತ್ತೆ. ಆ ಮುಖಗಳಿಗೂ ಆ ಮೈಲಿಗೂ ನಡುವೆ ಗೆರೆ ಎಳೆಯೋ ಕೆಲಸವನ್ನ ಮಾತ್ರ ಚಿತ್ರ ನೋಡುಗರಿಗೆ ಬಿಟ್ಟು, ಕ್ಲೂನಿಯ ಒಂಟಿತನದ ಹಿಂದೆ ಹೋಗಿಬಿಡುತ್ತೆ.

ಇನ್ನರ್ಧ ಉತ್ತರ ನಮ್ಮ ಕಾರ್ಡಿನದು. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಮೈಲು ಯೋಜನೆ ಶುರು ಮಾಡಿದಾಗ ಹಾರಿದವರಿಗೆ ಮೈಲು ಸಿಗ್ತಿತ್ತು. ಈಗ ಕೂತಲ್ಲೇ ಸ್ವೈಪ್ ಮಾಡಿದರೆ ಸಿಗುತ್ತೆ. ಬ್ಯಾಂಕು ಆ ದುಡ್ಡನ್ನ ಮೂರು ಕಡೆಯಿಂದ ತರುತ್ತೆ: ನಮ್ಮ ವಾರ್ಷಿಕ ಶುಲ್ಕ, ಅಂಗಡಿಯವನಿಂದ ಮುರಿದುಕೊಳ್ಳೋ ಕಮಿಷನ್, ಮತ್ತೆ ಬಿಲ್ಲು ಪೂರ್ತಿ ಕಟ್ಟದವರ ಬಡ್ಡಿ. ಯುಪಿಐನಲ್ಲಿ ಬ್ಯಾಂಕ್ ಖಾತೆಯಿಂದ ನೇರ ಕೊಟ್ಟರೆ ಅಂಗಡಿಯವನಿಗೆ ಕಮಿಷನ್ ಇಲ್ಲ, 2020ರ ಜನವರಿಯಿಂದ ಸರ್ಕಾರದ ನಿಯಮವೇ ಹಾಗಿದೆ. ಕ್ರೆಡಿಟ್ ಕಾರ್ಡಿಗೆ ಸುಮಾರು 2% ಹೋಗುತ್ತೆ. ‘ಕಾರ್ಡಾದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಸಾರ್’ ಅಂತ ಮೊಬೈಲ್ ಅಂಗಡಿಯವನು ಅನ್ನೋದು ಇದಕ್ಕೇ. ಹಾಗೆ ಬಾಯಿಬಿಟ್ಟು ಕೇಳದ ದೊಡ್ಡ ಅಂಗಡಿಗಳು ಬೆಲೆಯಲ್ಲೇ ಸೇರಿಸಿರ್ತವೆ, ಆ ಬೆಲೆಯನ್ನು ನೋಟು ಕೊಟ್ಟು ಕೊಳ್ಳೋನೂ ತೆರ್ತಾನೆ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನ ಲೆಕ್ಕ ಹಾಕಿದ್ದರು. ಅಲ್ಲಿ ನಗದು ಬಳಸೋ ಒಂದು ಕುಟುಂಬದಿಂದ ಸರಾಸರಿ ವರ್ಷಕ್ಕೆ 149 ಡಾಲರ್ ಹೋಗುತ್ತೆ, ಕಾರ್ಡು ಬಳಸೋ ಒಂದು ಕುಟುಂಬಕ್ಕೆ 1,133 ಡಾಲರ್ ಬರುತ್ತೆ.

ನಮ್ಮ ತಿಪಟೂರು ಕಡೆ ಸಂತೆಯಲ್ಲಿ ಕೊಸರು ಅಂತ ಒಂದಿದೆ. ಒಂದು ಸೇರು ಅವರೆಕಾಯಿ ಅಳೆದ ಮೇಲೆ ಮೇಲೊಂದು ಹಿಡಿ ಹಾಕ್ತಾರೆ, ಸೊಪ್ಪು ತಗೊಂಡರೆ ನಾಲ್ಕು ಎಸಳು ಕರಿಬೇವು. ಆ ಕೊಸರು ಮಾರೋಳ ಕೈಯಿಂದ, ಅವಳ ಮಂಕರಿಯಿಂದಲೇ ಬರುತ್ತೆ. ಕಾರ್ಡಿನ ಪಾಯಿಂಟನ್ನೂ ನಾನು ಬಹಳ ದಿನ ಕೊಸರು ಅಂತಲೇ ತಿಳಿದಿದ್ದೆ. ಇದು ಬ್ಯಾಂಕಿನ ಮಂಕರಿಯಿಂದ ಬರೋದಲ್ಲ, ಪಕ್ಕದಲ್ಲಿ ನಿಂತವನ ಚೀಲದಿಂದ ತೆಗೆದು ನನ್ನ ಚೀಲಕ್ಕೆ ಹಾಕಿದ್ದು.

ಆ ಪಕ್ಕದವನು ಯಾವಾಗ ಬೇಕಾದರೂ ನಾವೇ ಆಗಬಹುದು ಅನ್ನೋದನ್ನ ಮರೀಬೇಡಿ. ಒಂದು ತಿಂಗಳು ₹1,00,000ದ ಬಿಲ್ಲು ಕಟ್ಟದೆ ಮುಂದಕ್ಕೆ ಹಾಕಿದರೆ, ತಿಂಗಳಿಗೆ 3.5%ರ ಲೆಕ್ಕದಲ್ಲಿ ₹3,500 ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ ₹630. ಒಟ್ಟು ₹4,130. ಅಷ್ಟೇ ಖರ್ಚಿಗೆ ಒಳ್ಳೇ ಕಾರ್ಡು 3% ವಾಪಸ್ ಕೊಟ್ಟರೂ ಬಂದದ್ದು ₹3,000. ಜೊತೆಗೆ ಬಾಕಿ ಇರೋವರೆಗೂ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗಲ್ಲ, ಕೊಂಡ ದಿನದಿಂದಲೇ ಮೀಟರ್ ಓಡುತ್ತೆ. ‘ಮಿನಿಮಮ್ ಡ್ಯೂ’ ಅನ್ನೋ ಸಾಲು ಬಿಲ್ಲಿನಲ್ಲಿ ಅಷ್ಟು ದಪ್ಪಕ್ಕೆ ಇರೋದು ಸುಮ್ಮನೆ ಅಲ್ಲ. ಕೆಲಸ ಹೋದ ತಿಂಗಳು ಮೊದಲು ಕಣ್ಣಿಗೆ ಬೀಳೋದೇ ಆ ಸಾಲು.

ಚಿತ್ರ ಹೇಳದ ಇನ್ನೊಂದು ಸಂಗತಿ ಇದೆ. ರಯನ್‌ನ ಕೋಟಿ ಮೈಲು ಎಲ್ಲೂ ಕರಗಲ್ಲ. ನಮ್ಮದು ಕರಗುತ್ತೆ. 2012ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ಹಾರಾಟ ನಿಲ್ಲಿಸಿತು. ವಿಮಾನವೇ ಹಾರದ ಮೇಲೆ ಮೈಲು ಇಟ್ಟುಕೊಂಡು ಯಾವ ಸೀಟು ಕೇಳೋದು? ಕಂಪನಿ ಮುಳುಗಲೇಬೇಕು ಅಂತಲೂ ಇಲ್ಲ. ಪಾಯಿಂಟಿಗೆ ಬಡ್ಡಿ ಇಲ್ಲ, ವಿಮೆ ಇಲ್ಲ, ವಿನಿಮಯದ ದರ ಬದಲಿಸೋ ಹಕ್ಕು ಪೂರ್ತಿ ಅವರದು. ಕಾರ್ಡಿನಿಂದ ಏರ್‌ಲೈನ್ಸಿಗೆ ಹೋದ ಪಾಯಿಂಟು ಸಾಮಾನ್ಯವಾಗಿ ವಾಪಸ್ ಬರಲ್ಲ. ಹಾಗಾಗಿ ಸೀಟು ಕಣ್ಣಿಗೆ ಕಾಣೋವರೆಗೂ ವರ್ಗಾಯಿಸಬಾರದು, ಹೋಗೋ ಊರು ಗೊತ್ತಿದ್ದ ಮೇಲೆ ಸುಮ್ಮನೆ ಕಾಯಬಾರದು.

ಈ ಎರಡನೇ ಪಾಠಕ್ಕೆ ನಾನು ತೆತ್ತ ಬೆಲೆಯನ್ನ ಹೇಳದೆ ಚಿತ್ರದ ಬಗ್ಗೆ ಬರೆಯೋದು ಮೋಸ ಆಗುತ್ತೆ. ಮೂರು ವರ್ಷದ ಹಿಂದೆ ನಮ್ಮೂರಿನವರು ಬಸ್ಸು ಮಾಡಿಕೊಂಡು ಕಾಶಿಗೆ ಹೊರಟಿದ್ದರು. ಅಪ್ಪ, ಅಮ್ಮ ಇಬ್ಬರೂ ಹೆಸರು ಬರೆಸಿದ್ದರು. ‘ಅಷ್ಟು ದೂರ ಬಸ್ಸಲ್ಲಿ ಬೇಡ ಅಪ್ಪಾ, ನಾನು ವಿಮಾನದಲ್ಲಿ ಕರ್ಕೊಂಡು ಹೋಗ್ತೀನಿ’ ಅಂತ ನಾನೇ ಬಿಡಿಸಿದೆ. ಆಗ ನನ್ನ ಕಾರ್ಡಿನಲ್ಲಿ ಮೂವರಿಗೂ ಆಗೋಷ್ಟು ಪಾಯಿಂಟಿದ್ದವು. ಆದರೆ ಬೆಂಗಳೂರಿಂದ ವಾರಣಾಸಿಗೆ ಹಾಗೆ ಬುಕ್ ಮಾಡಿದರೆ ಪಾಯಿಂಟಿಗೆ 30 ಪೈಸೆ. ಅದೇ ಪಾಯಿಂಟು ಜಪಾನಿನ ಬಿಸಿನೆಸ್ ಕ್ಲಾಸಿಗೆ ₹1.80. 30 ಪೈಸೆಗೆ ಮಾರೋದು ದಡ್ಡತನ ಅಂತ ನನ್ನ ಶೀಟು ಹೇಳಿತು. ಮುಂದಿನ ವರ್ಷ, ಮುಂದಿನ ವರ್ಷ ಅಂದೆ. ಜಪಾನಿಗೂ ಹೋಗಲಿಲ್ಲ. ರಜೆ ಸಿಕ್ಕಾಗ ಸೀಟಿಲ್ಲ, ಸೀಟಿದ್ದಾಗ ರಿಲೀಸ್. ಒಂದು ಬೆಳಿಗ್ಗೆ ಬ್ಯಾಂಕಿನಿಂದ ಮೇಲ್ ಬಂತು: ಇನ್ನು ಮುಂದೆ ಎರಡು ಪಾಯಿಂಟಿಗೆ ಒಂದು ಮೈಲು. ನನ್ನ 2,10,000 ಅರ್ಧಕ್ಕಿಳಿಯಿತು.

ಕೊನೆಗೆ ಈ ಚಳಿಗಾಲದಲ್ಲಿ 1,50,000 ಪಾಯಿಂಟು ಕೊಟ್ಟು ₹45,000ದ ಮೂರು ಟಿಕೆಟ್ ತಗೊಂಡೆ. ಅದೇ 30 ಪೈಸೆಗೆ. ಈ ಮೂರು ವರ್ಷದಲ್ಲಿ ಅಪ್ಪನ ಮೊಣಕಾಲು ಪೂರ್ತಿ ಕೈಕೊಟ್ಟಿತ್ತು. ದಶಾಶ್ವಮೇಧ ಘಾಟಿನ ಮೆಟ್ಟಿಲು ಇಳಿಯೋಕೆ ಆಗಲಿಲ್ಲ, ಮೇಲೆಯೇ ಒಂದು ಕಟ್ಟೆ ಮೇಲೆ ಕೂತರು. ಅಮ್ಮ ಇಳಿದು ಹೋಗಿ ಮುಳುಗು ಹಾಕಿ, ತಂಬಿಗೆಯಲ್ಲಿ ನೀರು ತಂದು ಅವರ ತಲೆ ಮೇಲೆ ಪ್ರೋಕ್ಷಿಸಿದಳು. ಬೇಜಾರಿಲ್ಲದೆ, ಯಾರೋ ಬೇರೆಯವರ ವಿಷಯ ಅನ್ನೋ ಹಾಗೆ ಅಪ್ಪ ಅಂದರು: ‘ಆವತ್ತು ಬಸ್ಸಲ್ಲೇ ಬಂದಿದ್ರೆ ನಾನೂ ಒಂದು ಮುಳುಗು ಹಾಕಿರ್ತಿದ್ದೆ ಕಣೋ.’

ರಯನ್‌ಗೆ ಪೈಲಟ್ ಪಕ್ಕದಲ್ಲಿ ಬಂದು ಕೂತಾಗ ಯಾಕೆ ಮಾತು ಹೊರಡಲಿಲ್ಲ ಅಂತ ನನಗೆ ಅರ್ಥವಾಗಿದ್ದು ಆ ಕಟ್ಟೆ ಮೇಲೆ.

ಚಿತ್ರ ಆರು ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡು ಒಂದನ್ನೂ ಗೆಲ್ಲಲಿಲ್ಲ. ಕ್ಲೂನಿಯನ್ನ ಅಷ್ಟು ಸುಲಭವಾಗಿ ಕ್ಷಮಿಸಿಬಿಡೋದು ಅದರ ದೌರ್ಬಲ್ಯ, ದುಡ್ಡಿನ ಮೂಲ ಕೇಳದಿರೋದು ಅದಕ್ಕಿಂತ ದೊಡ್ಡದು. ಆದರೂ ಪಾಯಿಂಟುಗಳ ಬಗ್ಗೆ ನಾನು ಓದಿದ, ನೋಡಿದ ಯಾವ ಸಲಹೆಗಿಂತಲೂ ಇದು ಹೆಚ್ಚು ಪ್ರಾಮಾಣಿಕ. ನನ್ನ ಹತ್ತಿರ ಇನ್ನೂ 60,000 ಪಾಯಿಂಟು ಉಳಿದಿವೆ. ಅಮ್ಮ ರಾಮೇಶ್ವರ ಅಂತಿದ್ದಾಳೆ. ಮಧುರೈವರೆಗೆ ಟಿಕೆಟ್ ಬುಕ್ ಮಾಡಿದೆ, ಅಪ್ಪನಿಗೆ ವೀಲ್‌ಚೇರ್ ಹೇಳಿದ್ದೀನಿ. ಪಾಯಿಂಟಿಗೆ ಎಷ್ಟು ಪೈಸೆ ಬಿತ್ತು ಅಂತ ಈ ಸಲ ನೋಡಲಿಲ್ಲ.