ಜೇಬಿನಲ್ಲೊಂದು ಜಪಸರ

ಆಂಧ್ರದ ಗೋರಂಟ್ಲದಲ್ಲಿ ಬೆಳಗಿನ ಹಿಂದೂಪುರದ ಬಸ್ಸು ಹತ್ತಿ ಕೆಲಸಕ್ಕೆ ಹೊರಟವರಿಗೆ ಪ್ರಾರ್ಥನೆಗೆಂದೇ ಬೇರೆ ಹೊತ್ತೆಲ್ಲಿ? ಕಥೋಲಿಕರಾದರೆ ಆ ಹೊತ್ತನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಅದೇ ಜಪಸರ, ಊರಿನ ತೆಲುಗಿನಲ್ಲಿ ಜಪಮಾಲ.

59 ಮಣಿ, ತುದಿಗೊಂದು ಪುಟ್ಟ ಶಿಲುಬೆ, ಅಷ್ಟೆ. 53 ಮಣಿಗೆ ‘ನಮೋ ಮರಿಯಾ’, ಉಳಿದ ಆರಕ್ಕೆ ಪರಲೋಕ ಮಂತ್ರ. ಲೆಕ್ಕವನ್ನು ಬೆರಳು ನೋಡಿಕೊಳ್ಳುತ್ತದೆ. ಮನಸ್ಸು ಯೇಸು ಮತ್ತು ಮರಿಯಾ ಅವರ ಬಾಳಿನ ಘಟನೆಗಳಲ್ಲಿ ಆರಾಮಾಗಿ ಅಡ್ಡಾಡುತ್ತದೆ. ಈ ವಸ್ತುವಿನ ಜಾಣತನವೆಲ್ಲ ಇಲ್ಲೇ ಇದೆ. ಒಂದು ಸುತ್ತಿಗೆ ಐದರಂತೆ ಧ್ಯಾನಿಸುವ ಈ ಘಟನೆಗಳು, ಅಂದರೆ ‘ರಹಸ್ಯಗಳು’, ಮೊದಲು 15 ಇದ್ದವು. 2002ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿ 20 ಮಾಡಿದರು.

ಒಂದು ಸುತ್ತಿಗೆ ಇಪ್ಪತ್ತು ನಿಮಿಷ ಸಾಕು. ದೀಪ ಬೇಡ, ಪುಸ್ತಕ ಬೇಡ, ಪಕ್ಕದವರಿಗೆ ಗೊತ್ತಾಗುವುದೂ ಬೇಡ. ಇಳಿಯುವ ಜಾಗ ಬಂತೇ? ನಿಲ್ಲಿಸಿ, ಮಿಕ್ಕಿದ್ದನ್ನು ಸಂಜೆ ವಾಪಸು ಬರುವಾಗ ಹೇಳಿಕೊಂಡರಾಯಿತು.

ಅಕ್ಟೋಬರ್ ಜಪಸರದ ತಿಂಗಳು. ಆಗ ಮನೆಮಂದಿಯೆಲ್ಲ ಒಟ್ಟಿಗೆ ಕೂರುತ್ತಾರೆ. ಕಡಲೆಕಾಯಿ ಬಿಡಿಸಿ ಒರಟಾದ ಬೆರಳುಗಳ ನಡುವೆ ಮಣಿಗಳು ಸರಿಯುತ್ತವೆ, ಸವೆದು ನುಣುಪಾಗುತ್ತವೆ.