ವಯಸ್ಸಿನ ಕಾಲಂ

ಮದ್ರಾಸ್ ಪ್ರೆಸಿಡೆನ್ಸಿಯ ಇನಾಂ ಫೇರ್ ರಿಜಿಸ್ಟರಿನಲ್ಲಿ ಜಮೀನಿನ ವಿಸ್ತೀರ್ಣ, ಕಂದಾಯ, ಜೋಡಿಯ (ಇನಾಂ ಜಮೀನಿಗೆ ಕಟ್ಟುವ ರಿಯಾಯಿತಿ ಕಂದಾಯ) ಲೆಕ್ಕಗಳ ಜೊತೆಗೆ ಇನಾಂದಾರನ ವಯಸ್ಸಿಗೆಂದೇ ಒಂದು ಕಾಲಂ ಇದೆ. ಅದರ ಆಚೀಚೆ ಅವನು ವಾಸವಿರುವ ಊರು, ಮೂಲ ಇನಾಂದಾರನಿಗೂ ಅವನಿಗೂ ಇರುವ ಸಂಬಂಧ, ಅವನ ವಾರಸುದಾರರ ವಿವರ. 1858ರಲ್ಲಿ ಜಿ. ಎನ್. ಟೇಲರ್ ಮುಖ್ಯಸ್ಥಿಕೆಯಲ್ಲಿ ಶುರುವಾದ ಇನಾಂ ಕಮಿಷನ್ನಿಗೆ ಯಾರ ವಂಶವೃಕ್ಷವೂ ಬೇಕಿರಲಿಲ್ಲ. ವಾರಸಿಲ್ಲದೆ ಮನೆತನ ನಿಂತುಹೋದರೆ ಜಮೀನು ಸರ್ಕಾರಕ್ಕೆ ಬರುತ್ತಿತ್ತು. ಆ ಹಕ್ಕನ್ನು ಬಿಟ್ಟುಕೊಡಲು ಎಷ್ಟು ಜೋಡಿ ಕಟ್ಟಿಸಬೇಕು ಎಂದು ನಿರ್ಧರಿಸುವುದಕ್ಕೆ ಇನಾಂದಾರನಿಗೆ ಮಕ್ಕಳಿದ್ದಾರೆಯೇ, ಎಷ್ಟು ವಯಸ್ಸು ಎಂದು ಕೇಳಲೇಬೇಕಾಯಿತು. ಖಜಾನೆಯ ಈ ಲೆಕ್ಕಾಚಾರದಿಂದಾಗಿಯೇ ಬಳ್ಳಾರಿ ಸೀಮೆಯ ಎಷ್ಟೋ ಮುತ್ತಜ್ಜಂದಿರ ಹೆಸರು ಉಳಿದಿದೆ.

ಬಳ್ಳಾರಿ 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂತು. 1953ರವರೆಗೆ ಮದ್ರಾಸಿನದೇ ಆಗಿತ್ತು. ಹಾಗಾಗಿ ಅಲ್ಲಿನ ಮನೆತನದ ಬೇರು ಹುಡುಕುವವರು ಬೆಂಗಳೂರಿನಷ್ಟೇ ಚೆನ್ನೈನ ಎಗ್ಮೋರಿನ ಪತ್ರಾಗಾರವನ್ನೂ ನೆನಪಿನಲ್ಲಿಡಬೇಕು. ಹುಡುಕಾಟಕ್ಕೆ ಬೇಕಾದದ್ದು ಊರು ಮತ್ತು ಆಗಿನ ತಾಲ್ಲೂಕು. ಈಗಿನ ಪಹಣಿಯ ಸರ್ವೆ ನಂಬರ್ ಹಿಡಿದು ಹೋದವರು ಬರಿಗೈಲಿ ಬರುತ್ತಾರೆ, ಏಕೆಂದರೆ ರಿಜಿಸ್ಟರಿನಲ್ಲಿರುವುದು ಹಳೆಯ ಪೈಮಾಶಿಯ, ಅಂದರೆ ಹಿಂದಿನ ಅಳತೆಯ, ಲೆಕ್ಕ. ಜಿಲ್ಲೆಯನ್ನು ನಂಬುವುದೂ ಅಷ್ಟಕ್ಕಷ್ಟೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ರಿಜಿಸ್ಟರಿಗೆ ಮಾತ್ರ ಅದು ಇಂದಿಗೂ ಬಳ್ಳಾರಿಯೇ.

ಬರವಣಿಗೆ ಇಂಗ್ಲಿಷಿನದು. ಒಬ್ಬನೇ ಸುಬ್ಬಯ್ಯ ಗುಮಾಸ್ತರ ಕೈಯಲ್ಲಿ ಮೂರು ನಾಲ್ಕು ಬಗೆಯ ಸ್ಪೆಲಿಂಗ್ ಪಡೆಯುತ್ತಾನೆ. ಗಟ್ಟಿಯಾಗಿ ಓದಿಕೊಂಡರೆ ಹೆಸರು ಸಿಗುತ್ತದೆ, ಕಣ್ಣಿನಲ್ಲೇ ಹುಡುಕಿದರೆ ತಪ್ಪಿಹೋಗುತ್ತದೆ. 1860ರ ವಿಚಾರಣೆಯಲ್ಲಿ ಒಬ್ಬನಿಗೆ 40 ವರ್ಷ ಎಂದು ಬರೆದಿದ್ದರೆ ಅವನು ಹುಟ್ಟಿದ್ದು 1820ರ ಆಸುಪಾಸು. ಅವನು ಮೂಲ ಇನಾಂದಾರನ ಮೊಮ್ಮಗ ಎಂದಿದ್ದರೆ ಅಜ್ಜನ ಕಾಲ ಹದಿನೆಂಟನೆಯ ಶತಮಾನಕ್ಕೆ ಹೋಗುತ್ತದೆ. 40, 50, 60 ಎಂಬ ದುಂಡು ಅಂಕಿಗಳನ್ನು ಅಂದಾಜೆಂದೇ ತಿಳಿಯಬೇಕು. ‘ಮಗಳ ಮಗ’ ಎಂದಿದ್ದರಂತೂ ಓದುವವನು ಅಲ್ಲೇ ನಿಲ್ಲಬೇಕು, ಮನೆತನದ ಹೆಸರು ಅಲ್ಲಿ ಬದಲಾಗಿರಬಹುದು.

ಬೇರು ಹುಡುಕುವವರಲ್ಲಿ ತಾಮ್ರಪಟದವರ ಪಂಥವೊಂದಿದೆ. ಪೆಟ್ಟಿಗೆಯಲ್ಲೊಂದು ಪಟವೋ ವಿಜಯನಗರದ ರಾಯರ ಕಾಲದ್ದೆಂಬ ಸನ್ನದೋ (ದಾನಪತ್ರವೋ) ಸಿಕ್ಕರೆ ಸಾಕು, ಅದರಲ್ಲಿರುವ ದಾನ ಪಡೆದವನನ್ನೇ ಮೂಲಪುರುಷನನ್ನಾಗಿ ಮಾಡಿ, ನಡುವಿನ ಮುನ್ನೂರು ವರ್ಷವನ್ನು ಒಂದೇ ನೆಗೆತದಲ್ಲಿ ದಾಟುತ್ತಾರೆ. ಪಟ ಹೇಳುವುದು ಭೂಮಿ ಯಾರಿಗೆ ಸಿಕ್ಕಿತು ಎಂದಷ್ಟೇ. ಆಮೇಲೆ ಅದು ದತ್ತಕಕ್ಕೆ ಹೋಯಿತೋ, ಅಳಿಯನಿಗೆ ಬಂತೋ, ಕ್ರಯವಾಯಿತೋ ಎಂಬುದಕ್ಕೆ ಪಟದಲ್ಲಿ ಜಾಗವಿಲ್ಲ. ಕಮಿಷನ್ನಿನವರೂ ಪಟಕ್ಕೆ ಮರುಳಾಗಲಿಲ್ಲ. 50 ವರ್ಷದ ಅನುಭೋಗ ರುಜುವಾತಾದರೆ ಸನ್ನದಿಲ್ಲದಿದ್ದರೂ ಹಕ್ಕನ್ನು ಒಪ್ಪಿದರು. ವಂಶಾವಳಿ ಬರೆಯುವವರಿಗೂ ಒಪ್ಪುವ ನಿಯಮ ಅದು: ಇಂದಿನಿಂದ ಹಿಂದಕ್ಕೆ, ಒಂದೊಂದೇ ತಲೆ.

ಪಟವಾದಿಗಳ ಇನ್ನೊಂದು ಎಡವಟ್ಟು ಸಂವತ್ಸರದ್ದು. ಸನ್ನದಿನಲ್ಲಿ ‘ಸಿದ್ಧಾರ್ಥಿ’ ಎಂದಷ್ಟೇ ಇದ್ದರೆ ಅದು ಶ್ರೀರಂಗಪಟ್ಟಣ ಬಿದ್ದ 1799 ಆಗಬಹುದು, ಇನಾಂ ಕಮಿಷನ್ ಕೂತಿದ್ದ 1859 ಕೂಡ ಆಗಬಹುದು. ಅರವತ್ತು ವರ್ಷ ತಪ್ಪಿದರೆ ಎರಡು ತಲೆಮಾರು ಮಾಯ. ಶಕವರ್ಷವೋ ಫಸಲಿಯೋ ಜೊತೆಗಿಲ್ಲದೆ ಸಂವತ್ಸರವನ್ನು ನಂಬುವಂತಿಲ್ಲ. ಕಂದಾಯದ ವರ್ಷವಾದ ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ: 1270 ಎಂದರೆ 1860ರ ಜುಲೈನಿಂದ ಮುಂದಿನ ಜೂನ್.

ಇನಾಂ ಎಂದರೆ ಅಗ್ರಹಾರದವರ ಸೊತ್ತು ಎಂಬ ಭ್ರಮೆಯೂ ರಿಜಿಸ್ಟರನ್ನು ತಿರುವುವಾಗ ಬಿಡುತ್ತದೆ. ದೇವದಾಯ, ಬ್ರಹ್ಮದಾಯಗಳ ಜೊತೆಗೇ ದಶಬಂಧವೂ ಇದೆ. ಸ್ವಂತ ಖರ್ಚಿನಲ್ಲಿ ಕೆರೆಯನ್ನೋ ಬಾವಿಯನ್ನೋ ಕಟ್ಟಿಸಿದವನಿಗೆ ಅಥವಾ ದುರಸ್ತಿ ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಅದು. ತಳವಾರ, ತೋಟಿ, ನೀರಗಂಟಿಗಳ ಸೇವಾ ಇನಾಂಗಳೂ ಇವೆ. ಮನೆಯಲ್ಲಿ ಓಲೆಗರಿಯೂ ಪಟವೂ ಇಲ್ಲದ, ವಂಶಾವಳಿ ಹೇಳುವ ಹೆಳವರ ಬಾಯಲ್ಲಷ್ಟೇ ವಂಶ ಉಳಿದ ಕುಟುಂಬಗಳಿಗೆ ಸರ್ಕಾರಿ ಕಾಗದದಲ್ಲಿ ಅಜ್ಜನ ಹೆಸರು ಸಿಗುವುದು ಬಹಳ ಸಲ ಇಲ್ಲೇ. ಹೆಳವರು ಹೇಳಿದ ಹೆಸರನ್ನೂ ರಿಜಿಸ್ಟರಿನ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಈ ಕೆಲಸದಲ್ಲಿ ಅತ್ಯಂತ ರುಚಿಯ ಘಳಿಗೆ.

ಧಾರವಾಡ, ಬೆಳಗಾವಿ ಕಡೆಯ ದಾರಿ ಬೇರೆ. ಅಲ್ಲಿ ಬೊಂಬಾಯಿಯ ಇನಾಂ ಕಮಿಷನ್ 1852ರ ಕಾಯ್ದೆಯ ಬಲದಿಂದ ಹಕ್ಕುಗಳನ್ನು ಕಟುವಾಗಿ ಜಾಲಾಡಿತು. ಆ ಸಿಟ್ಟು 1857-58ರ ದಂಗೆಗಳ ಹಿಂದೆಯೂ ಇತ್ತು. ಅಲ್ಲಿನ ಹಳೆಯ ಕಾಗದಗಳಿಗೆ ಪುಣೆಯ ದಫ್ತರವೂ ಮೋಡಿ ಲಿಪಿಯೂ ಬೇಕು. ಮೈಸೂರು ಸೀಮೆಯವರಿಗೆ ಕಮಿಷನರ್ ಆಳ್ವಿಕೆಯ ಇನಾಂ ದಾಖಲೆಗಳ ಜೊತೆಗೆ ಇನ್ನೊಂದು ಅನುಕೂಲವಿದೆ: 1954 ಮತ್ತು 1955ರ ಇನಾಂ ರದ್ದಿಯಾತಿ ಕಾಯ್ದೆಗಳಡಿ ಹಕ್ಕು ಕೇಳಿ ಹಾಕಿದ ಅರ್ಜಿಗಳ ಕಡತ. ತೊಡಗಬೇಕಾದದ್ದು ಅದರಿಂದ, ಹಿಂದಕ್ಕೆ.